ದಂಡ, ಪ್ರಾಯಶ್ಚಿತ್ತ, ಚಿಕಿತ್ಸೆ: ವ್ಯಸನಜನ್ಯ ಅಪರಾಧವನ್ನು ಕುರಿತು ಒಂದು ವಿಚಾರ

‘ವ್ಯಸನ’ ಎಂಬ ಶಬ್ದಕ್ಕೆ ನಮ್ಮ ಕೋಶಗಳು ಎರಡು ಅರ್ಥಗಳನ್ನು ಕೊಡುತ್ತವೆ. ಆಪತ್ತು, ದುಃಖ ಎಂಬುದು ಒಂದು. ಬಿಡಲಾರದ ದುಶ್ಚಟ ಎಂಬುದು ಇನ್ನೊಂದು. ಎಸೆಯುವ ಅರ್ಥವುಳ್ಳ ‘ಅಸ್’ ಧಾತುವಿಗೆ ‘ವಿ’ ಉಪಸರ್ಗ ಸೇರಿ ಈ ಪದ ಸಿದ್ಧವಾಯಿತೆಂದು ವೈಯಾಕರಣರ ಮತ. ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದರಿಂದ ಇದಕ್ಕೆ ಈ ಹೆಸರೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಬಿಡಿಸಿ ಹೇಳಿದ್ದಾನೆ. ಒಂದೇ ಪದ ಆಪತ್ತನ್ನೂ ದೋಷವನ್ನೂ ಸೂಚಿಸುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ವ್ಯಸನಕ್ಕೆ ಸಿಕ್ಕವನು ತಪ್ಪು ಮಾಡಿದವನೂ ಹೌದು, ಆಪತ್ತಿನಲ್ಲಿ ಬಿದ್ದವನೂ ಹೌದು. ತಪ್ಪು ಮಾಡಿದವನನ್ನು ದಂಡಿಸಬೇಕು. ಆಪತ್ತಿನಲ್ಲಿ ಬಿದ್ದವನನ್ನು ಕೈಹಿಡಿದು ಎತ್ತಬೇಕು. ಈ ಇಬ್ಬರೂ ಒಬ್ಬನೇ ಆಗಿ ನ್ಯಾಯಾಲಯದ ಕಟಕಟೆಯಲ್ಲಿ ನಿಂತಾಗ ಸಮಾಜವು ಏನು ಮಾಡತಕ್ಕದ್ದು? ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಾನು ಕಾನೂನು ಓದಿದವನಲ್ಲ. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಗುರುಮುಖದಿಂದ ಕಲಿತು, ಅದನ್ನೇ ಮಕ್ಕಳಿಗೆ ಹೇಳಿಕೊಂಡು ಬಂದವನು. ಅಂಥವನು ಈ ವಿಷಯಕ್ಕೆ ಕೈಹಾಕಿದುದೇಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವಾದ ಪ್ರಸಂಗವೊಂದನ್ನು ಮೊದಲು ನಿವೇದಿಸುತ್ತೇನೆ.

೧. ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದಿನ ಮಾತು. ಬೆಳಕವಾಡಿಯ ಸುತ್ತಿನ ಹಳ್ಳಿಯೊಂದರಿಂದ ಒಬ್ಬ ತಾಯಿ ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದಳು. ಆಕೆಯ ಮಗ ನಮ್ಮ ಹಳೆಯ ವಿದ್ಯಾರ್ಥಿ. ಒಂಬತ್ತನೆಯ ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿ ಗಣವಿಭಾಗ ಮಾಡುವುದರಲ್ಲಿ ಅವನಷ್ಟು ಚುರುಕಾದ ಹುಡುಗ ಇನ್ನೊಬ್ಬನಿರಲಿಲ್ಲ. ಓದು ಮುಂದುವರಿಯಲಿಲ್ಲ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ; ನಾಲ್ಕಾರು ವರ್ಷ ಕಳೆದು ಊರಿಗೆ ಹಿಂದಿರುಗುವಾಗ ಕುಡಿತವನ್ನು ಜೊತೆಗೆ ತಂದ. ಕೂಲಿಯ ಹಣ ಸಾಲದಾದಾಗ ಮನೆಯ ಪಾತ್ರೆಗಳು ಹೋದವು. ಅವೂ ಮುಗಿದಾಗ ಒಬ್ಬ ರೈತನ ಕಬ್ಬಿನ ಗದ್ದೆಯ ಪಂಪುಸೆಟ್ಟಿನ ಮೋಟಾರು ಬಿಚ್ಚಿ, ತಾಮ್ರದ ತಂತಿ ಕದ್ದು, ಗುಜರಿಗೆ ಮಾರಿ ಸಿಕ್ಕಿಬಿದ್ದ.

ವಕೀಲರು ಆ ತಾಯಿಗೆ ಒಂದು ಮಾತು ಹೇಳಿ ಕಳುಹಿಸಿದ್ದರು. ಹುಡುಗನ ಹಿಂದಿನ ನಡತೆಯನ್ನು ಬಲ್ಲವರು ಯಾರಾದರೂ ಒಂದು ಕಾಗದ ಬರೆದುಕೊಟ್ಟರೆ ನ್ಯಾಯಾಲಯದ ಮುಂದೆ ಇಡಬಹುದು ಎಂದು. ಅದನ್ನು ಕೇಳಲು ಆಕೆ ಬಂದಿದ್ದಳು. ನಾನು ಒಪ್ಪಲಿಲ್ಲ. ‘ಕಳ್ಳತನ ಮಾಡಿದವನಿಗೆ ಶಾಲೆಯ ಕಡೆಯಿಂದ ಒಳ್ಳೆಯ ನಡತೆಯ ಕಾಗದ ಕೊಡುವುದು ಹೇಗೆ ತಾಯಿ? ಶಾಲೆಯ ಹೆಸರಿಗೆ ಮಸಿ ಬಳಿದಂತಾಗುತ್ತದೆ’ ಎಂದುಬಿಟ್ಟೆ. ಆಕೆ ಅಳಲಿಲ್ಲ, ಬೇಡಲೂ ಇಲ್ಲ. ‘ನನ್ ಮಗ ಕಳ್ಳ ಅಲ್ಲ ಅಯ್ನೋರೇ, ಕುಡುಕ. ಕುಡ್ತ ಬುಡ್ಸಿ, ಕಳ್ತನ ತಾನಾಗೇ ಬುಟ್ಟೋಯ್ತದೆ’ ಎಂದು ಹೇಳಿ, ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಹುಡುಗನಿಗೆ ಕೆಲವು ತಿಂಗಳ ಸೆರೆವಾಸವಾಯಿತು. ಅವನ ಪರವಾಗಿ ನ್ಯಾಯಾಲಯದ ಮುಂದೆ ಇಡಲು ಏನೂ ಇರಲಿಲ್ಲವಾದ್ದರಿಂದ ಅದರಲ್ಲಿ ನ್ಯಾಯಾಧೀಶರ ತಪ್ಪೇನೂ ಇಲ್ಲ. ಬಿಡುಗಡೆಯಾದ ದಿನ ಅವನು ಮನೆಗೆ ಬಂದದ್ದು ಹೆಂಡದಂಗಡಿಯ ಮಾರ್ಗವಾಗಿ. ಮತ್ತೆ ಕಳವು, ಮತ್ತೆ ಸೆರೆ. ಈಗ ಅವನು ಎಲ್ಲಿದ್ದಾನೆಂಬುದು ಹೆತ್ತವಳಿಗೂ ತಿಳಿಯದು. ಆ ತಾಯಿಯ ಮಾತಿನಲ್ಲಿದ್ದ ತರ್ಕವನ್ನು ಅಂದು ನಾನು ಗ್ರಹಿಸಲಿಲ್ಲ. ಕಾರ್ಯವನ್ನು ನಿವಾರಿಸಬೇಕಾದರೆ ಕಾರಣವನ್ನು ನಿವಾರಿಸಬೇಕು ಎಂಬ ನ್ಯಾಯಶಾಸ್ತ್ರದ ಮೊದಲ ಪಾಠವನ್ನೇ ಆಕೆ ತನ್ನ ಆಡುನುಡಿಯಲ್ಲಿ ಹೇಳಿದ್ದಳು. ಜಗತ್ತಿನ ದೊಡ್ಡ ದೊಡ್ಡ ನ್ಯಾಯಾಲಯಗಳು ಇದೇ ಮಾತಿಗೆ ಬಂದು ನಿಂತಿವೆಯೆಂಬುದು ಆಮೇಲೆ ಓದಿದಾಗ ತಿಳಿಯಿತು.

೨. ನಮ್ಮ ಪೂರ್ವಿಕರ ವಿಂಗಡಣೆ

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಅಧ್ಯಾಯಗಳಿವೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಜಗದ್ವಿಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ವ್ಯವಹಾರಾಧ್ಯಾಯದಲ್ಲಿ ಬರುವುದು ರಾಜನು ವಿಧಿಸುವ ದಂಡ. ಪ್ರಾಯಶ್ಚಿತ್ತಾಧ್ಯಾಯದಲ್ಲಿ ಬರುವುದು ತಪ್ಪು ಮಾಡಿದವನು ತಾನೇ ಕೈಗೊಳ್ಳಬೇಕಾದ ಶುದ್ಧಿ. ದಂಡದ ದೃಷ್ಟಿ ಕೃತ್ಯದ ಮೇಲೆ. ಪ್ರಾಯಶ್ಚಿತ್ತದ ದೃಷ್ಟಿ ಕರ್ತೃವಿನ ಮೇಲೆ. ‘ಪ್ರಾಯ’ವೆಂದರೆ ತಪಸ್ಸು, ‘ಚಿತ್ತ’ವೆಂದರೆ ನಿಶ್ಚಯ ಎಂದು ಆ ಪದವನ್ನು ಹಿರಿಯರು ಬಿಡಿಸುತ್ತಾರೆ. ದಂಡವನ್ನು ಮನಸ್ಸಿಲ್ಲದವನಿಗೂ ವಿಧಿಸಬಹುದು, ನಿಶ್ಚಯವಿಲ್ಲದವನಿಗೆ ಪ್ರಾಯಶ್ಚಿತ್ತವಿಲ್ಲ. ಅದಕ್ಕೆ ಒಂದು ಅವಧಿಯುಂಟು, ನಿಯಮವುಂಟು, ನಿಯಮವನ್ನು ಹೇಳುವ ಪರಿಷತ್ತೂ ಉಂಟು.

ಆ ಗ್ರಂಥಗಳಲ್ಲಿರುವುದೆಲ್ಲ ನಮಗೆ ಗ್ರಾಹ್ಯವೆಂದು ನಾನು ಹೇಳುತ್ತಿಲ್ಲ. ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸಿ ಅವು ಹೇಳಿದ ಕ್ರಮಗಳು ಕ್ರೂರವಾದವು; ವರ್ಣಕ್ಕೊಂದು ದಂಡ, ವರ್ಣಕ್ಕೊಂದು ಪ್ರಾಯಶ್ಚಿತ್ತವೆಂಬ ಭೇದವನ್ನು ಹನ್ನೆರಡನೆಯ ಶತಮಾನದ ಶರಣರು ಒಪ್ಪಲೇ ಇಲ್ಲ. ನಾವು ತೆಗೆದುಕೊಳ್ಳಬೇಕಾದುದು ದಂಡ ಬೇರೆ, ಶುದ್ಧಿ ಬೇರೆ ಎಂಬ ವಿಂಗಡಣೆಯನ್ನು ಮಾತ್ರ. ಶರಣರಾದರೋ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಉರಿಲಿಂಗಪೆದ್ದಿಯ ಚರಿತ್ರೆ ನಮ್ಮ ವಾಚಕರಿಗೆಲ್ಲ ತಿಳಿದುದೇ. ಕಳವಿಗೆಂದು ಹೊಕ್ಕ ಮನೆಯಲ್ಲಿ ಗುರುವು ದೀಕ್ಷೆ ಕೊಡುವುದನ್ನು ಕಂಡು ಮನಸ್ಸು ಕರಗಿದವನು, ಆ ಗುರುವಿನ ಶಿಷ್ಯನಾಗಿ, ವಚನಕಾರನಾಗಿ, ಕಡೆಗೆ ಗುರುವಿನ ಪೀಠಕ್ಕೇ ಉತ್ತರಾಧಿಕಾರಿಯಾದನೆಂದು ಐತಿಹ್ಯ. ಕಳ್ಳನು ಬದಲಾದದ್ದು ದೊಡ್ಡದು. ಬದಲಾದವನಿಗೆ ಸ್ಥಾನ ಕೊಟ್ಟದ್ದು ಅದಕ್ಕಿಂತ ದೊಡ್ಡದು.

೩. ಮಿಯಾಮಿಯ ನ್ಯಾಯಾಲಯ

ದಂಡ ಮತ್ತು ಶುದ್ಧಿಗಳನ್ನು ಒಂದೇ ಛಾವಣಿಯ ಕೆಳಗೆ ತರುವ ಪ್ರಯತ್ನವು ನಮ್ಮ ಕಾಲದಲ್ಲಿ ಅಮೆರಿಕ ದೇಶದಲ್ಲಿ ನಡೆಯಿತು. ಫ್ಲಾರಿಡಾ ಸಂಸ್ಥಾನದ ಮಿಯಾಮಿ ನಗರದಲ್ಲಿ ೧೯೮೦ರ ದಶಕದಲ್ಲಿ ಕೊಕೇನ್ ಎಂಬ ಮಾದಕವಸ್ತುವಿನ ಹಾವಳಿ ಮಿತಿಮೀರಿತ್ತು. ಸೆರೆಮನೆಗಳು ತುಂಬಿದವು. ಹೊರಗೆ ಬಿಟ್ಟವರೇ ಮತ್ತೆ ಮತ್ತೆ ಹಿಂದಿರುಗುತ್ತಿದ್ದರು. ಇದನ್ನು ನೋಡಿ ಬೇಸತ್ತ ಅಲ್ಲಿಯ ನ್ಯಾಯಾಧೀಶರು ೧೯೮೯ರಲ್ಲಿ ಒಂದು ಹೊಸ ಬಗೆಯ ನ್ಯಾಯಾಲಯವನ್ನು ಆರಂಭಿಸಿದರು. ಅಲ್ಲಿ ಮೊದಲು ಪೀಠದಲ್ಲಿ ಕುಳಿತವರು ಸ್ಟ್ಯಾನ್ಲಿ ಗೋಲ್ಡ್‌ಸ್ಟೀನ್ ಎಂಬುವರು. ಇದನ್ನು ಆಂಗ್ಲರು ಡ್ರಗ್ ಕೋರ್ಟ್ ಎನ್ನುತ್ತಾರೆ. ನಾವು ವ್ಯಸನಚಿಕಿತ್ಸಾ ನ್ಯಾಯಾಲಯ ಎನ್ನಬಹುದು.

ಅದರ ಕಾರ್ಯಕ್ರಮ ಹೀಗೆ. ವ್ಯಸನದ ಕಾರಣದಿಂದ ಅಪರಾಧ ಮಾಡಿ ಸಿಕ್ಕಿಬಿದ್ದವನ ಮುಂದೆ ಎರಡು ದಾರಿಗಳನ್ನು ಇಡಲಾಗುತ್ತದೆ. ಸಾಮಾನ್ಯ ವಿಚಾರಣೆಗೆ ಒಳಪಟ್ಟು ಶಿಕ್ಷೆಯನ್ನು ಅನುಭವಿಸುವುದು ಒಂದು. ನ್ಯಾಯಾಧೀಶರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆಯನ್ನು ಪೂರೈಸುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡವನು ಸುಮಾರು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಕಟ್ಟುಪಾಡಿಗೆ ಒಳಗಾಗುತ್ತಾನೆ. ಮೊದಮೊದಲು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ನ್ಯಾಯಾಧೀಶರ ಮುಂದೆ ಹಾಜರಾಗಬೇಕು. ಮುನ್ಸೂಚನೆಯಿಲ್ಲದೆ ಮೂತ್ರಪರೀಕ್ಷೆ ನಡೆಯುತ್ತದೆ. ವೈದ್ಯರು, ಸಲಹೆಗಾರರು, ಸರಕಾರಿ ವಕೀಲರು, ಆರೋಪಿಯ ವಕೀಲರು, ಮೇಲ್ವಿಚಾರಕರು ಎಲ್ಲರೂ ಒಂದೆಡೆ ಕುಳಿತು ಅವನ ಪ್ರಗತಿಯನ್ನು ಪರಿಶೀಲಿಸುತ್ತಾರೆ. ನಿಯಮ ಪಾಲಿಸಿದವನಿಗೆ ತುಂಬಿದ ಸಭೆಯಲ್ಲಿ ಪ್ರಶಂಸೆ. ಹಾಜರಿಯ ಸಂಖ್ಯೆಯಲ್ಲಿ ರಿಯಾಯಿತಿ. ತಪ್ಪಿದವನಿಗೆ ಆ ಕ್ಷಣವೇ ಸಣ್ಣ ಶಿಕ್ಷೆ: ಎಚ್ಚರಿಕೆ, ಸಮುದಾಯ ಸೇವೆ, ಕೆಲವು ದಿನಗಳ ಸೆರೆ. ಕಟ್ಟುಪಾಡನ್ನು ಪೂರೈಸಿದವನ ಮೇಲಿನ ಆರೋಪವನ್ನು ಎಷ್ಟೋ ಕಡೆ ವಜಾ ಮಾಡುತ್ತಾರೆ, ಇಲ್ಲವೇ ಶಿಕ್ಷೆಯನ್ನು ತಗ್ಗಿಸುತ್ತಾರೆ.

ಇದರ ಮರ್ಮವೆಲ್ಲಿದೆ? ಪಾಠ ಹೇಳುವವರಿಗೆ ಅದು ಬೇಗ ತಿಳಿಯುತ್ತದೆ. ವರ್ಷದ ಕೊನೆಯಲ್ಲಿ ಒಮ್ಮೆಗೇ ಹೊಡೆಯುವ ಉಪಾಧ್ಯಾಯನಿಂದ ಹುಡುಗ ಕಲಿಯುವುದಿಲ್ಲ. ದಿನದಿನದ ಪಾಠವನ್ನು ಒಪ್ಪಿಸಿಕೊಂಡು, ತಪ್ಪನ್ನು ಅಲ್ಲಲ್ಲೇ ತಿದ್ದಿ, ಸರಿಯನ್ನು ಅಲ್ಲಲ್ಲೇ ಮೆಚ್ಚುವವನಿಂದ ಕಲಿಯುತ್ತಾನೆ. ಬಹುದಿನಗಳ ಆಮೇಲೆ ಬರುವ ಭಾರಿ ಶಿಕ್ಷೆಗಿಂತ ಕೂಡಲೇ ಬರುವ, ಖಂಡಿತವಾಗಿ ಬರುವ ಸಣ್ಣ ಶಿಕ್ಷೆಯ ಪರಿಣಾಮ ಹೆಚ್ಚು.

ಇಂಥ ನ್ಯಾಯಾಲಯಗಳು ಅಮೆರಿಕದಲ್ಲಿ ಈಗ ಸಾವಿರಗಳ ಲೆಕ್ಕದಲ್ಲಿವೆ. ಕೆನಡದ ಟೊರಾಂಟೊದಲ್ಲಿ ೧೯೯೮ರಲ್ಲಿಯೂ, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ೧೯೯೯ರಲ್ಲಿಯೂ ಈ ಪದ್ಧತಿ ಬಂದಿತು. ನೂರೈವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೨ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಸಾಮಾನ್ಯ ನ್ಯಾಯಾಲಯದಿಂದ ಹೊರಬಂದ ನೂರು ಮಂದಿ ವಯಸ್ಕರಲ್ಲಿ ೫೦ ಮಂದಿ ಮತ್ತೆ ಅಪರಾಧಕ್ಕೆ ಇಳಿದರೆ, ಈ ನ್ಯಾಯಾಲಯಗಳಿಂದ ಹೊರಬಂದವರಲ್ಲಿ ಹಾಗೆ ಇಳಿದವರು ಸುಮಾರು ೩೮ ಮಂದಿ. ಇದು ಪವಾಡವಲ್ಲ. ಆದರೆ ಆ ಹನ್ನೆರಡು ಮಂದಿಯ ಹಿಂದೆ ಹನ್ನೆರಡು ಮನೆಗಳಿರುತ್ತವೆ ಎಂಬುದನ್ನು ಮರೆಯಲಾಗದು.

೪. ಆಕ್ಷೇಪಗಳು

ಯಾವ ಪದ್ಧತಿಯನ್ನಾದರೂ ಪೂರ್ವಪಕ್ಷವನ್ನು ಕೇಳದೆ ಅಂಗೀಕರಿಸಬಾರದು. ಈ ನ್ಯಾಯಾಲಯಗಳ ಮೇಲೆ ಮುಖ್ಯವಾಗಿ ಮೂರು ಆಕ್ಷೇಪಗಳಿವೆ. ಮೊದಲನೆಯದು, ಒತ್ತಾಯದಿಂದ ಕೊಡುವ ಚಿಕಿತ್ಸೆ ಚಿಕಿತ್ಸೆಯೇ ಎಂಬುದು. ಸೆರೆಮನೆಯ ಭಯ ಬೆನ್ನಿಗಿರುವಾಗ ‘ಒಪ್ಪಿದೆ’ ಎನ್ನುವವನ ಒಪ್ಪಿಗೆ ಎಷ್ಟು ಸ್ವತಂತ್ರವಾದದ್ದು? ಎರಡನೆಯದು, ಅನೇಕ ಕಡೆ ಮೊದಲೇ ತಪ್ಪೊಪ್ಪಿಕೊಂಡರೆ ಮಾತ್ರ ಪ್ರವೇಶವುಂಟು. ನಡುದಾರಿಯಲ್ಲಿ ಎಡವಿದವನು ಮೊದಲಿಗಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾದ ನಿದರ್ಶನಗಳಿವೆ. ಮೂರನೆಯದು, ವೈದ್ಯರು ಬರೆದುಕೊಟ್ಟ ಔಷಧವನ್ನೇ ‘ಅದೂ ಒಂದು ಮಾದಕವಸ್ತು’ ಎಂದು ಕೆಲವು ನ್ಯಾಯಾಧೀಶರು ನಿಷೇಧಿಸಿದ್ದುಂಟು. ನ್ಯಾಯಾಧೀಶನು ವೈದ್ಯನಾಗಲು ಹೊರಟರೆ ಆಗುವ ಅನರ್ಥವಿದು.

ಪೋರ್ಚುಗಲ್ ದೇಶವು ೨೦೦೧ರಿಂದ ಇನ್ನೊಂದು ದಾರಿಯನ್ನು ಹಿಡಿಯಿತು. ಸ್ವಂತ ಬಳಕೆಗಾಗಿ ಹತ್ತು ದಿನಗಳಿಗೆ ಸಾಲುವಷ್ಟು ಮಾದಕವಸ್ತುವನ್ನು ಇಟ್ಟುಕೊಂಡವನನ್ನು ಅಲ್ಲಿ ಕ್ರಿಮಿನಲ್ ನ್ಯಾಯಾಲಯಕ್ಕೆ ಒಯ್ಯುವುದಿಲ್ಲ. ಕಾನೂನು, ಆರೋಗ್ಯ, ಸಮಾಜಸೇವೆಗಳನ್ನು ಬಲ್ಲ ಮೂವರ ಮಂಡಳಿಯ ಮುಂದೆ ಕೂರಿಸಿ ಮಾತನಾಡಿಸುತ್ತಾರೆ. ಮಾರಾಟಗಾರನಿಗೆ ಮಾತ್ರ ಎಂದಿನಂತೆ ಸೆರೆ. ಆದರೆ ನಾನು ಹೇಳಿದ ಹುಡುಗನಂತೆ ಇನ್ನೊಬ್ಬರ ಸೊತ್ತಿಗೆ ಕೈಹಾಕಿದವನ ಪ್ರಶ್ನೆ ಇದರಿಂದ ತೀರುವುದಿಲ್ಲ. ಅಲ್ಲಿ ನಷ್ಟಹೊಂದಿದ ರೈತನೊಬ್ಬನಿದ್ದಾನೆ. ಮೋಟಾರು ನಿಂತು ಅವನ ಕಬ್ಬು ಒಣಗಿದೆ. ಅವನಿಗೂ ನ್ಯಾಯ ಸಲ್ಲಬೇಕು. ಆದುದರಿಂದ ನ್ಯಾಯಾಲಯವೂ ಬೇಕು, ಚಿಕಿತ್ಸೆಯೂ ಬೇಕು.

೫. ನಮ್ಮ ಕಾನೂನಿನಲ್ಲಿ ಏನಿದೆ?

ಮೇಲೆ ವರ್ಣಿಸಿದ ಬಗೆಯ ನ್ಯಾಯಾಲಯ ನಮ್ಮ ರಾಜ್ಯದಲ್ಲಿ ಇಲ್ಲ. ಮಾದಕವಸ್ತು ಮೊಕದ್ದಮೆಗಳಿಗೆಂದು ವಿಶೇಷ ನ್ಯಾಯಾಲಯಗಳಿವೆ. ಅವುಗಳ ಉದ್ದೇಶ ವಿಚಾರಣೆಯನ್ನು ಬೇಗ ಮುಗಿಸುವುದೇ ಹೊರತು ಚಿಕಿತ್ಸೆಯ ಮೇಲ್ವಿಚಾರಣೆಯಲ್ಲ. ಆದರೆ ಕಟ್ಟಡವಿಲ್ಲದಿದ್ದರೂ ತಳಹದಿಯುಂಟು ಎಂಬುದನ್ನು ಅರಿತಾಗ ನನಗೆ ಆಶ್ಚರ್ಯವಾಯಿತು.

೧೯೮೫ರ ಮಾದಕದ್ರವ್ಯ ಮತ್ತು ಮನೋವರ್ತಕ ವಸ್ತುಗಳ ಅಧಿನಿಯಮದ ೩೯ನೆಯ ಕಲಮನ್ನು ನೋಡಬೇಕು. ಮಾದಕವಸ್ತುವನ್ನು ಸೇವಿಸಿದ, ಇಲ್ಲವೇ ಅಲ್ಪಪ್ರಮಾಣದಲ್ಲಿ ಇಟ್ಟುಕೊಂಡ ವ್ಯಸನಿ ತಪ್ಪಿತಸ್ಥನೆಂದು ಸಿದ್ಧವಾದಾಗ, ಅವನ ವಯಸ್ಸು, ನಡತೆ, ಪೂರ್ವಚರಿತ್ರೆ, ದೇಹ ಮತ್ತು ಮನಸ್ಸಿನ ಸ್ಥಿತಿಗಳನ್ನು ಗಮನಿಸಿ, ನ್ಯಾಯಾಲಯವು ಕೂಡಲೇ ಸೆರೆಗೆ ಕಳುಹಿಸದೆ, ಅವನ ಸಮ್ಮತಿಯ ಮೇಲೆ, ಸರಕಾರ ನಡೆಸುವ ಅಥವಾ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಒಂದು ವರ್ಷದೊಳಗೆ ಅವನು ಚಿಕಿತ್ಸೆಯ ಫಲವನ್ನು ತಿಳಿಸುವ ವರದಿಯೊಡನೆ ಹಾಜರಾಗಬೇಕು. ವರದಿ ತೃಪ್ತಿಕರವಾಗಿದ್ದರೆ ಬುದ್ಧಿವಾದ ಹೇಳಿ, ಮೂರು ವರ್ಷವನ್ನು ಮೀರದ ಅವಧಿಗೆ ಮತ್ತೊಂದು ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಬಹುದು. ಅದೇ ಅಧಿನಿಯಮದ ೬೪ಎ ಕಲಮಿನ ಪ್ರಕಾರ, ಅಂಥ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ಅವನ ಮೇಲೆ ಮೊಕದ್ದಮೆಯೇ ಇಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಗಾಂಜಾ ವಿಷಯದಲ್ಲಿ ಒಂದು ಕಿಲೋಗ್ರಾಮಿನವರೆಗೆ ಅಲ್ಪಪ್ರಮಾಣವೆಂದು ಗಣನೆ.

ಮದ್ಯವು ಈ ಅಧಿನಿಯಮದ ವ್ಯಾಪ್ತಿಗೆ ಸೇರುವುದಿಲ್ಲ. ನಮ್ಮ ಹಳ್ಳಿಗಳ ದೊಡ್ಡ ವ್ಯಸನ ಅದೇ ಆಗಿರುವುದರಿಂದ ಇಲ್ಲಿ ೧೯೫೮ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ, ಅಂದರೆ ವಕೀಲರು ಪ್ರೊಬೇಷನ್ ಕಾಯಿದೆ ಎನ್ನುವುದು, ನೆರವಿಗೆ ಬರುತ್ತದೆ. ಹಿಂದೆ ಶಿಕ್ಷೆಯಾಗದ ಸಣ್ಣ ಕಳವಿನ ಅಪರಾಧಿಯನ್ನು ಬುದ್ಧಿವಾದ ಹೇಳಿ ಬಿಡಬಹುದೆಂದು ಅದರ ೩ನೆಯ ಕಲಮು ಹೇಳುತ್ತದೆ. ೪ನೆಯ ಕಲಮಿನ ಪ್ರಕಾರ, ಮರಣದಂಡನೆಗಾಗಲಿ ಆಜೀವ ಸೆರೆವಾಸಕ್ಕಾಗಲಿ ಗುರಿಯಾಗದ ಅಪರಾಧಗಳಲ್ಲಿ, ಸಂದರ್ಭವನ್ನೂ ಅಪರಾಧಿಯ ಶೀಲವನ್ನೂ ನೋಡಿ, ಸನ್ನಡತೆಯ ಮುಚ್ಚಳಿಕೆಯ ಮೇಲೆ ಮೂರು ವರ್ಷದವರೆಗಿನ ಅವಧಿಗೆ ಬಿಡಬಹುದು. ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಬಹುದು. ಆಗ ವಿಧಿಸಬಹುದಾದ ಷರತ್ತುಗಳಲ್ಲಿ ಮಾದಕ ಪದಾರ್ಥಗಳಿಂದ ದೂರವಿರುವುದನ್ನು ಕಾಯಿದೆ ಹೆಸರಿಸಿಯೇ ಹೇಳಿದೆ. ನಷ್ಟಹೊಂದಿದವನಿಗೆ ಪರಿಹಾರ ಕೊಡಿಸಲು ೫ನೆಯ ಕಲಮು ಅಧಿಕಾರ ನೀಡುತ್ತದೆ. ಮಿಯಾಮಿಯ ನ್ಯಾಯಾಲಯಕ್ಕಿಂತ ಮೂವತ್ತೊಂದು ವರ್ಷ ಮೊದಲೇ ನಮ್ಮ ಸಂಸತ್ತು ಈ ಬೀಜವನ್ನು ಬಿತ್ತಿತ್ತು!

೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಇದೇ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಸೊತ್ತನ್ನು ಮೊದಲ ಬಾರಿಗೆ ಕದ್ದು ಶಿಕ್ಷೆಗೊಳಗಾದವನು ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಅನುಚಿತವಾಗಿ ವರ್ತಿಸಿದವನಿಗೂ ಸಮುದಾಯ ಸೇವೆಯನ್ನು ವಿಧಿಸಬಹುದು. ಇನ್ನು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಮಾನಸಿಕ ಕಾಯಿಲೆಯ ಲಕ್ಷಣದೊಳಗೇ ಸೇರಿಸಿದೆ. ಆ ತಾಯಿ ಹೇಳಿದ್ದನ್ನು ಕಾಯಿದೆಯೂ ಹೇಳುತ್ತಿದೆ ಎಂದಾಯಿತು.

೬. ಕೊರತೆ ಎಲ್ಲಿದೆ?

ಕಾನೂನಿದ್ದರೂ ಕಾರ್ಯವೇಕೆ ನಡೆಯುತ್ತಿಲ್ಲ? ಕಾನೂನು ಕೇಳುವ ಮನುಷ್ಯರು ನ್ಯಾಯಾಲಯದವರೆಗೆ ಬರುವುದಿಲ್ಲ ಎಂಬುದೇ ನನಗೆ ತೋರುವ ಉತ್ತರ. ಶೀಲವನ್ನು ನೋಡು ಎನ್ನುತ್ತದೆ ಕಾಯಿದೆ. ಶೀಲವನ್ನು ಬಲ್ಲ ಉಪಾಧ್ಯಾಯನು ಬಾಯಿ ಬಿಡುವುದಿಲ್ಲ. ಅಪರಾಧಿಗೋ ಅವನ ಜಾಮೀನುದಾರನಿಗೋ ಗೊತ್ತಾದ ನೆಲೆ ಅಥವಾ ಕ್ರಮವಾದ ಕಸುಬು ಇರಬೇಕೆನ್ನುತ್ತದೆ. ಜಾಮೀನು ನಿಲ್ಲಲು ಊರಿನವರು ಮುಂದೆ ಬರುವುದಿಲ್ಲ. ಚಿಕಿತ್ಸೆಯ ವರದಿ ತರಬೇಕೆನ್ನುತ್ತದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವವರಿಲ್ಲ.

ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಸಚಿವಾಲಯವು ೨೦೧೯ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳು ಕಣ್ಣು ತೆರೆಸುವಂತಿವೆ. ದೇಶದಲ್ಲಿ ಸುಮಾರು ೧೬ ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ ೫.೭ ಕೋಟಿ ಮಂದಿಗೆ ಕುಡಿತದ ತೊಂದರೆಗಳಿಂದ ಪಾರಾಗಲು ನೆರವು ಬೇಕು. ಆದರೆ ಮದ್ಯಕ್ಕೆ ದಾಸರಾದ ೩೮ ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಉಳಿದ ಮೂವತ್ತೇಳು ಮಂದಿಯನ್ನು ಯಾರು ಕಾಯಬೇಕು?

ವೈದ್ಯರು ಹೇಳುವ ಇನ್ನೊಂದು ಮಾತನ್ನೂ ಇಲ್ಲಿ ತಿಳಿಸಬೇಕು. ಬಹುಕಾಲ ಬಹಳವಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಂಡು, ಎರಡು ಮೂರು ದಿನಗಳಲ್ಲಿ ಫಿಟ್ಸ್ ಅಥವಾ ಸನ್ನಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂ​ದ ಅಂಥವನನ್ನು ಕೋಣೆಯಲ್ಲಿ ಕೂಡಿಹಾಕಿ ‘ಬಿಡಿಸುವುದು’ ತಪ್ಪು. ವೈದ್ಯರ ಕಣ್ಗಾವಲಿನಲ್ಲಿ ಔಷಧ ಕೊಟ್ಟು, ಬಿ ಒಂದು ಜೀವಸತ್ವ ಕೊಟ್ಟು, ಹಂತಹಂತವಾಗಿ ಬಿಡಿಸಬೇಕು. ಬಿಟ್ಟಮೇಲೆ ಮರಳಿ ಜಾರುವುದು ಈ ರೋಗದ ಸ್ವಭಾವ. ಒಮ್ಮೆ ಜಾರಿದನೆಂದು ಕೈಬಿಡಬಾರದು.

೭. ನಾಡಿನಲ್ಲಿ ನಡೆದ ಪ್ರಯತ್ನಗಳು

ನಮ್ಮ ನಾಡು ಕೈಕಟ್ಟಿ ಕುಳಿತಿಲ್ಲ. ರಾಜ್ಯ ಸರಕಾರವು ೨೦೦೭ರ ಜುಲೈ ೧ರಿಂದ ಸಾರಾಯಿಯನ್ನು ನಿಷೇಧಿಸಿತು. ಸಾರಾಯಿ ಹೋಯಿತು; ಕುಡಿತ ಹೋಗಲಿಲ್ಲ. ಮರುವರ್ಷವೇ, ಅಂದರೆ ೨೦೦೮ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತಲೂ ತಮಿಳುನಾಡಿನ ಗಡಿಯಲ್ಲೂ ಕಳ್ಳಬಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ನಿಷೇಧವೊಂದರಿಂದಲೇ ವ್ಯಸನ ನಿಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆ ಇನ್ನೊಂದು ಬಗೆಯದು. ಮಠಾಧೀಶರು ಜೋಳಿಗೆ ಹಿಡಿದು ಮನೆಮನೆಗೆ ಹೋಗುವುದು ಹೊಸದಲ್ಲ. ಆದರೆ ಅವರು ಕೇಳಿದ ಭಿಕ್ಷೆ ಹೊಸದು. ‘ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿ’ ಎಂದು ಬೇಡುತ್ತ ಅವರು ೨೦೧೮ರಲ್ಲಿ ಲಿಂಗೈಕ್ಯರಾಗುವವರೆಗೂ ಊರೂರು ಸಂಚರಿಸಿದರು. ಅವರು ಹುಟ್ಟಿದ ಆಗಸ್ಟ್ ೧ನೆಯ ದಿನವನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳೂ ಪ್ರಸಿದ್ಧವಾದವು. ಊರಿನ ಸಮುದಾಯ ಭವನದಲ್ಲೋ ದೇವಸ್ಥಾನದಲ್ಲೋ ಒಂದು ವಾರಕ್ಕೂ ಮೀರಿ ವ್ಯಸನಿಗಳನ್ನು ಇರಿಸಿಕೊಂಡು, ಉಪಚರಿಸಿ, ಬಳಿಕ ಬಿಟ್ಟವರದೇ ನವಜೀವನ ಸಮಿತಿಗಳನ್ನು ರಚಿಸಿ ಒಬ್ಬರಿಗೊಬ್ಬರು ಆಸರೆಯಾಗುವಂತೆ ಮಾಡುವ ಕ್ರಮ ಅಲ್ಲಿಯದು.

ಈ ಪ್ರಯತ್ನಗಳಿಗೂ ಮಿಯಾಮಿಯ ನ್ಯಾಯಾಲಯಕ್ಕೂ ಒಂದು ಸಾಮ್ಯವುಂಟು: ನಾಲ್ಕು ಜನರ ಮುಂದೆ ಕೊಟ್ಟ ಮಾತು, ಮತ್ತು ಆ ಮಾತನ್ನು ಆಗಾಗ ಕೇಳುವ ಹಿರಿಯರು. ಭೇದವೂ ಉಂಟು. ಜೋಳಿಗೆಗೂ ಶಿಬಿರಕ್ಕೂ ತಾನಾಗಿ ಬಂದವನು ಬರುತ್ತಾನೆ. ಅಪರಾಧಕ್ಕೆ ಇಳಿದವನು ಅಲ್ಲಿಗೆ ಬರುವ ಹೊತ್ತಿಗೆ ಸೆರೆಯಲ್ಲಿರುತ್ತಾನೆ. ಮಠಕ್ಕೂ ನ್ಯಾಯಾಲಯಕ್ಕೂ ನಡುವಣ ಈ ಅಂತರಕ್ಕೆ ಸೇತುವೆ ಕಟ್ಟಬೇಕಾದವರು ಯಾರು? ನಾವು ಎಂದೇ ನನ್ನ ಅಭಿಪ್ರಾಯ.

೮. ನಮ್ಮ ಪಾಲಿನ ಕರ್ತವ್ಯ

ಬೆಳಕವಾಡಿಯಂಥ ಊರಿನಲ್ಲಿ ಹೊಸ ನ್ಯಾಯಾಲಯವನ್ನು ಸ್ಥಾಪಿಸುವುದು ನಮ್ಮ ಕೈಯಲ್ಲಿಲ್ಲ. ಅದು ಸರಕಾರಕ್ಕೂ ಉಚ್ಚ ನ್ಯಾಯಾಲಯಕ್ಕೂ ಸೇರಿದ ವಿಷಯ. ನಮ್ಮ ಕೈಯಲ್ಲಿರುವುದು ಚಿಕ್ಕದು. ಆದರೆ ಅದಿಲ್ಲದೆ ದೊಡ್ಡದು ನಡೆಯದು.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ಅರಿಕೆ ಇದು. ಹಳೆಯ ವಿದ್ಯಾರ್ಥಿಯೊಬ್ಬ ವ್ಯಸನದಿಂದ ಅಪರಾಧಕ್ಕೆ ಸಿಕ್ಕಿ, ಅವನ ಮನೆಯವರು ಬಾಗಿಲಿಗೆ ಬಂದರೆ, ಬಲ್ಲಷ್ಟನ್ನು ಸತ್ಯವಾಗಿ ಬರೆದುಕೊಡಿ. ಸುಳ್ಳು ಹೊಗಳಿಕೆ ಬೇಡ. ಅದು ನ್ಯಾಯಾಲಯಕ್ಕೆ ಮಾಡುವ ಮೋಸ. ‘ಈತ ಇಂಥ ವರ್ಷಗಳಲ್ಲಿ ನನ್ನಲ್ಲಿ ಓದಿದ, ಆಗ ಹೀಗಿದ್ದ, ಆಮೇಲೆ ಕುಡಿತಕ್ಕೆ ಬಿದ್ದ’ ಎಂಬಷ್ಟು ಸಾಕು. ಹಾಗೆಯೇ ತರಗತಿಯಲ್ಲಿರುವ ಹುಡುಗನಲ್ಲಿ ಮೊದಲ ಲಕ್ಷಣ ಕಂಡಾಗ ಹೆಸರು ಹೊಡೆದು ಹೊರಗಟ್ಟದೆ ವೈದ್ಯರ ಬಳಿಗೆ ಕಳುಹಿಸಬೇಕು. ಶಾಲೆಯಿಂದ ಹೊರಬಿದ್ದ ಹುಡುಗನನ್ನು ಒಳಕ್ಕೆ ಕರೆಯಲು ಹೆಂಡದಂಗಡಿ ಸದಾ ತೆರೆದಿರುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಾದವರು ಇದ್ದಾರೆ, ವೈದ್ಯರಾದವರು ಇದ್ದಾರೆ, ಬೇಸಾಯ ವ್ಯಾಪಾರಗಳಲ್ಲಿ ನೆಲೆನಿಂತವರು ಇದ್ದಾರೆ. ವಕೀಲರು ಮೇಲೆ ಹೇಳಿದ ಕಲಮುಗಳನ್ನು ಬಡವರ ಪರವಾಗಿ ನ್ಯಾಯಾಲಯದ ಗಮನಕ್ಕೆ ತರಲಿ. ನೆಲೆನಿಂತವರು ಧೈರ್ಯವಾಗಿ ಜಾಮೀನಿಗೆ ನಿಲ್ಲಲಿ. ಬಿಡುಗಡೆಯಾದವನಿಗೆ ದಿನಗೂಲಿಯ ಕೆಲಸವಾದರೂ ಕೊಡಲಿ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸರಕಾರದ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಯಾರು ಬೇಕಾದರೂ ದೂರವಾಣಿ ಮಾಡಬಹುದು. ಅಲ್ಲಿಗೆ ಹೋಗುವ ಬಸ್ಸಿನ ಖರ್ಚು, ಜೊತೆಗೆ ಹೋಗುವ ಒಬ್ಬ ಮನುಷ್ಯ, ತಿಂಗಳಿಗೊಮ್ಮೆ ಮರುತಪಾಸಣೆಯ ನೆನಪು, ಇವಿಷ್ಟೇ ಎಷ್ಟೋ ಮನೆಗಳಲ್ಲಿ ಇಲ್ಲದಿರುವುದು.

ದಾನಿಗಳು ಈ ಶಾಲೆಗೆ ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದಾರೆ, ದಾಸೋಹವನ್ನು ನಡೆಸಿಕೊಟ್ಟಿದ್ದಾರೆ. ಆ ಉಪಕಾರ ದೊಡ್ಡದು. ಅದರೊಡನೆ, ವ್ಯಸನದಿಂದ ಬಿಡಿಸಿಕೊಳ್ಳಲು ಮುಂದೆ ಬರುವ ಹಳೆಯ ವಿದ್ಯಾರ್ಥಿಗಳ ಚಿಕಿತ್ಸೆಗೆಂದು ಒಂದು ಸಣ್ಣ ನಿಧಿಯನ್ನು ಇರಿಸಿದರೆ, ಕಲ್ಲಿನ ಮೇಲೆ ಹೆಸರು ಬರೆಸದಿದ್ದರೂ ಒಂದೊಂದು ಮನೆಯ ಒಲೆಯ ಮುಂದೆ ಆ ಹೆಸರು ಉಳಿದೀತು.

ಲೇಖನವನ್ನು ಮುಗಿಸುವ ಮುನ್ನ ಒಂದು ಮಾತು. ಅಂದು ನಾನು ಬರೆಯದ ಕಾಗದವನ್ನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ಬರೆದಿದ್ದೇನೆ. ಅದು ಹೀಗಿದೆ: ‘ಈ ಹುಡುಗನನ್ನು ನಾನು ಬಲ್ಲೆ. ಈತ ಮೂರು ವರ್ಷ ನನ್ನ ಬಳಿ ಕನ್ನಡ ಓದಿದ. ತಪ್ಪು ಪ್ರಸ್ತಾರ ಹಾಕಿದಾಗ ತೋರಿಸಿಕೊಟ್ಟರೆ ತಾನೇ ಅಳಿಸಿ ಸರಿಪಡಿಸುತ್ತಿದ್ದ. ಈಗ ಕುಡಿತಕ್ಕೆ ಸಿಕ್ಕಿ ಕಳವು ಮಾಡಿದ್ದಾನೆ. ಆ ರೈತನಿಗೆ ಆದ ನಷ್ಟವನ್ನು ದುಡಿದು ತೀರಿಸುವಂತೆಯೂ, ಆಸ್ಪತ್ರೆಗೆ ಹೋಗುವಂತೆಯೂ ನಾನು ನೋಡಿಕೊಳ್ಳುತ್ತೇನೆ. ಇವನನ್ನು ತಿದ್ದಲು ಇನ್ನೊಂದು ಅವಕಾಶವಾಗಬೇಕೆಂದು ಪ್ರಾರ್ಥನೆ.’ ಇದರಲ್ಲಿ ಶಾಲೆಯ ಹೆಸರಿಗೆ ಮಸಿ ಬಳಿಯುವ ಮಾತು ಒಂದೂ ಇಲ್ಲ. ಇನ್ನಾರಾದರೂ ತಾಯಿ ಹೀಗೆಯೇ ಬಂದು ನಿಂತರೆ, ಇದನ್ನು ಬರೆಯಲು ನನ್ನ ಕೈ ತಡೆಯುವುದಿಲ್ಲ. ವಾಚಕ ಮಹಾಶಯರ ಕೈಯೂ ತಡೆಯದಿರಲಿ ಎಂಬುದೇ ನನ್ನ ಬಿನ್ನಹ.